ಮಾತು ಕೇಳಿಸುವ ಮೇಜು

"ಟೀಚರ್, ಮಂಗಳೂರಿನಲ್ಲಿ ಒಳ್ಳೆಯ ಹೋಟೆಲ್ ಯಾವುದು?" ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ನಾನು ತಟ್ಟನೆ ಒಂದು ಹೆಸರು ಹೇಳಿಬಿಡುತ್ತಿದ್ದೆ. ಈಗ ಹೇಳುವುದಿಲ್ಲ. "ಯಾರ ಜೊತೆ ಹೋಗುತ್ತೀ? ಏನು ಮಾತನಾಡಲಿಕ್ಕಿದೆ?" ಎಂದು ತಿರುಗಿ ಕೇಳುತ್ತೇನೆ. ನನ್ನ ಅಂಥ ಒಂದು ಉತ್ತರದಿಂದ ಒಬ್ಬ ಹುಡುಗಿಯ ಕೈಯ ಬಳೆ ಹೋಯಿತು. ಸಹೋದರಿಯರೇ, ಈ ತಿಂಗಳು ಅದನ್ನೇ ಬರೆಯುತ್ತೇನೆ.

ಆಕೆ ನನ್ನ ಹಳೆಯ ವಿದ್ಯಾರ್ಥಿನಿ. ಗಂಡ ದಮ್ಮಾಮ್‌ನಲ್ಲಿದ್ದಾನೆ. ಮದುವೆಯಾದ ಮೇಲೆ ಒಂದೇ ಹೊಲಿಗೆ ಯಂತ್ರದಿಂದ ಕೆಲಸ ಶುರು ಮಾಡಿದಳು. ಈಗ ಮನೆಯ ಹಿಂದಿನ ಶೆಡ್‌ನಲ್ಲಿ ಒಂಬತ್ತು ಮಂದಿ ಹೆಂಗಸರು ಕೂತು ಹೊಲಿಯುತ್ತಾರೆ. ಅವರಲ್ಲಿ ಇಬ್ಬರು ವಿಧವೆಯರು. ಅಬಾಯ, ಮಕ್ಕಳ ಫ್ರಾಕ್, ಅಂಗಡಿಯವರು ಕೇಳಿದ ಅಳತೆಯ ಬಟ್ಟೆ, ಹೀಗೆ ಕೆಲಸ ನಡೆಯುತ್ತದೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ವ್ಯಾಪಾರಿಯೊಬ್ಬರು ಅವಳ ಕೆಲಸ ನೋಡಲು ಬರುತ್ತೇವೆಂದರು. ವಯಸ್ಸಾದ ಯಜಮಾನರು, ಜೊತೆಗೆ ಲೆಕ್ಕಪತ್ರ ನೋಡಿಕೊಳ್ಳುವ ಅವರ ಮಗಳು. ಜೈನರು.

"ಮನೆಯಲ್ಲೇ ಊಟ ಹಾಕು" ಎಂದೆ ನಾನು. ಅತಿಥಿಗೆ ಮನೆಯೂಟಕ್ಕಿಂತ ದೊಡ್ಡದು ಯಾವುದಿದೆ? ಆದರೆ ಹುಡುಗಿ ನನಗಿಂತ ಚೆನ್ನಾಗಿ ಯೋಚಿಸಿದ್ದಳು. "ಟೀಚರ್, ಅವರು ನೀರುಳ್ಳಿ, ಬೆಳ್ಳುಳ್ಳಿ ಕೂಡ ತಿನ್ನುವುದಿಲ್ಲ. ಮಾಂಸ ಬೇಯಿಸಿದ ನಮ್ಮ ಪಾತ್ರೆಯಲ್ಲಿ ತಿನ್ನಲು ಅವರಿಗೆ ಸಂಕೋಚ, ಬೇಡ ಎನ್ನಲೂ ಸಂಕೋಚ. ಅವರನ್ನು ಆ ಕಷ್ಟಕ್ಕೆ ಯಾಕೆ ಹಾಕುವುದು?" ಎಂದಳು. ಮಾತು ಸರಿಯಾಗಿತ್ತು. ಹೋಟೆಲ್ ಎಂದಾಯಿತು. ಯಾವ ಹೋಟೆಲ್ ಎಂದಾಗ ನಾನು ಒಂದರ ಹೆಸರು ಹೇಳಿದೆ. ಹಿಂದಿನ ವರ್ಷ ಸಂಬಂಧಿಕರ ಹುಡುಗಿಯ ನಿಶ್ಚಿತಾರ್ಥದ ಊಟ ಅಲ್ಲಿ ಚೆನ್ನಾಗಿತ್ತು. ಎತ್ತರದ ಗಾಜಿನ ಗೋಡೆ, ಹೊಳೆಯುವ ಗ್ರಾನೈಟ್ ನೆಲ. ದೊಡ್ಡವರನ್ನು ಕರೆಯಲು ದೊಡ್ಡ ಜಾಗ ಎಂಬುದು ನನ್ನ ಲೆಕ್ಕ.

ಹೋದದ್ದು ಶನಿವಾರ. ಜೊತೆಗೆ ಅವಳ ಮೈದುನ. ಪಕ್ಕದ ಮೇಜಿನಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬ, ಇಪ್ಪತ್ತು ಜನ. ತಲೆಯ ಮೇಲೆ ಸ್ಪೀಕರ್. ಹಿಂದೆ ಜ್ಯೂಸ್ ಕೌಂಟರಿನ ಮಿಕ್ಸಿ. ಹಿರಿಯರ ಕಿವಿಯಲ್ಲಿ ಯಂತ್ರವಿತ್ತು. ಕಿವಿಯ ಯಂತ್ರ ಹಾಕಿಕೊಂಡವರನ್ನು ಕೇಳಿ ನೋಡಿ. ಅದು ಎದುರಿನವರ ಮಾತಿನ ಜೊತೆಗೆ ಸುತ್ತಲಿನ ಪಾತ್ರೆ ಪಗಡಿಯ ಸದ್ದನ್ನೂ ದೊಡ್ಡದು ಮಾಡಿ ಕೊಡುತ್ತದೆ. ಹಿಂದಿ, ಕನ್ನಡ, ಇಂಗ್ಲಿಷ್ ಮೂರೂ ಬೆರೆಸಿ ಮಾತು ನಡೆಯಿತು. ಅಂಕಿಗಳು ಮಾತ್ರ, ಎಲ್ಲರ ಹಾಗೆ, ಇಂಗ್ಲಿಷಿನಲ್ಲಿ. ಸರಕು ಕೊಟ್ಟ ಎಷ್ಟು ದಿನಕ್ಕೆ ಹಣ ಎಂಬ ಪ್ರಶ್ನೆಗೆ ಮಗಳು ಹೇಳಿದ್ದು 'ಫಿಫ್ಟಿ'. ನಮ್ಮ ಹುಡುಗಿಗೆ ಕೇಳಿಸಿದ್ದು 'ಫಿಫ್ಟೀನ್'. ತಂದೆಯೂ ತಲೆಯಾಡಿಸಿದರು, ಇವಳೂ ತಲೆಯಾಡಿಸಿದಳು. ಕೈ ತೊಳೆದು ಎದ್ದರು.

ಡಿಸೆಂಬರ್ ಮೊದಲ ವಾರ ಸರಕು ಹೋಯಿತು. ಇಪ್ಪತ್ತನೆಯ ತಾರೀಕು ಹಣ ಬರಲಿಲ್ಲ. ಫೋನ್ ಮಾಡಿದಾಗ, "ಜನವರಿ ಕೊನೆಗಲ್ಲವೇ ನಾವು ಹೇಳಿದ್ದು?" ಎಂದು ಆ ಕಡೆಯಿಂದ ಆಶ್ಚರ್ಯ. ಯಾರೂ ಮೋಸ ಮಾಡಲಿಲ್ಲ. ಆದರೆ ಒಂಬತ್ತು ಮನೆಗಳ ಕೂಲಿ ನಿಂತಿತು. ಕೆಲಸಗಾರನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಕಲಿತವಳು ಅವಳು. ಬಳೆಯನ್ನು ಬಡ್ಡಿಗೆ ಅಡವಿಡಲು ಮನಸ್ಸೊಪ್ಪಲಿಲ್ಲ. ಮಾರಿಯೇ ಬಿಟ್ಟಳು. ಒಂದು ಬಳೆ. ಹಣ ಹೇಳಿದ ದಿನವೇ ಬಂತು, ಐವತ್ತನೆಯ ದಿನ.

ನನಗೆ ಇದೆಲ್ಲ ಗೊತ್ತಾದದ್ದು ಆಮೇಲೆ. ಅವಳು ನನ್ನನ್ನು ದೂರಲಿಲ್ಲ. "ನೀವು ಹೇಳಿದ ಹೋಟೆಲಿನ ಊಟ ಚೆನ್ನಾಗಿತ್ತು ಟೀಚರ್" ಎಂದಳು. ಅದು ಇನ್ನೂ ಚುಚ್ಚಿತು.

2024ರ ಫೆಬ್ರವರಿಯಲ್ಲಿ ಅದೇ ವ್ಯಾಪಾರಿ ಈದ್‌ಗೆ ಬೇಕಾದ ಸರಕಿನ ಮಾತಿಗೆ ಮತ್ತೆ ಬರುತ್ತೇವೆಂದಾಗ, ಈ ಸಲ ಜಾಗ ನಾನೇ ನೋಡಿ ಕೊಡುತ್ತೇನೆ ಎಂದೆ. ಶಾಲೆಗೆ ಅರ್ಧ ದಿನ ರಜೆ ಹಾಕಿ ಒಂದು ಮಂಗಳವಾರ ಇಬ್ಬರೂ ಹೊರಟೆವು. ಊಟಕ್ಕೆ ಕೂರುವ ಹೊತ್ತಿಗೇ, ಅಂದರೆ ಒಂದೂಕಾಲಕ್ಕೆ ಸರಿಯಾಗಿ ಹೋದೆವು. ಇದು ಮುಖ್ಯ. ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋದರೆ ಎಲ್ಲ ಹೋಟೆಲೂ ಶಾಂತವಾಗಿಯೇ ಇರುತ್ತದೆ!

ಮಾತು ಕೇಳಿಸುತ್ತದೋ ಇಲ್ಲವೋ ಎಂದು ತಿಳಿಯಲು ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಉಕ್ತಲೇಖನ. ಎದುರೆದುರು ಕೂತು ನಾನು ಮಾಮೂಲಿ ದನಿಯಲ್ಲಿ ಹತ್ತು ಅಂಕಿ ಹೇಳುವುದು, ಫಿಫ್ಟೀನ್, ಸಿಕ್ಸ್ಟಿ, ತರ್ಟೀನ್, ಹೀಗೆ. ಅವಳು ನನ್ನ ತುಟಿ ನೋಡದೆ ಬರೆಯುವುದು. ಚಾ ಕುಡಿಯುವ ನೆಪದಲ್ಲಿ ಇದನ್ನು ಎಲ್ಲಿ ಬೇಕಾದರೂ ಮಾಡಬಹುದು. ಸಪ್ಲಾಯರ್ ಒಬ್ಬ ನಮ್ಮನ್ನು ವಿಚಿತ್ರವಾಗಿ ನೋಡಿದ, ನೋಡಲಿ.

ಮೊದಲು ಹೋದದ್ದು ಒಂದು ಸ್ಟಾರ್ ಹೋಟೆಲಿಗೆ. ಕಾರ್ಪೆಟ್, ದಪ್ಪ ಪರದೆ, ಮೇಜು ಮೇಜಿನ ನಡುವೆ ಧಾರಾಳ ಜಾಗ. ಹತ್ತಕ್ಕೆ ಹತ್ತು ಅಂಕ. ಆದರೆ ಪ್ರತಿ ಮೇಜಿನ ಮೇಲೂ ವೈನ್ ಲೋಟ ಬೋರಲು ಹಾಕಿಟ್ಟಿದ್ದರು, ಪಕ್ಕದಲ್ಲೇ ಕುಡಿತ ನಡೆದಿತ್ತು. ಮದ್ಯ ಹಂಚುವ ಮೇಜಿನಲ್ಲಿ ಕೂರಬಾರದೆಂಬ ಪ್ರವಾದಿವಚನ ನಮಗೆ ಗೊತ್ತಿರುವುದೇ. ಬಾರ್ ಬೇರೆ ಮಹಡಿಯಲ್ಲಿದ್ದರೆ ಹೇಗೆ, ಅದೇ ಕಟ್ಟಡದಲ್ಲಿದ್ದರೆ ಹೇಗೆ ಎಂದು ನೀವು ಕೇಳುತ್ತೀರಿ. ನಾನು ಫತ್ವಾ ಕೊಡುವವಳಲ್ಲ, ನಿಮ್ಮ ಊರಿನ ಉಲಮಾಗಳನ್ನು ಕೇಳಿ. ನಮ್ಮ ಮಟ್ಟಿಗೆ ಅಲ್ಲಿಂದ ಎದ್ದು ಬಂದೆವು.

ಎರಡನೆಯದು ಮೀನಿಗೆ ಹೆಸರಾದ ಜಾಗ. ಹುಡುಗಿ ಬೇಡವೆಂದರೂ ನಾನೇ ಎಳೆದುಕೊಂಡು ಹೋದೆ. ಅತಿಥಿಗಳು ಜೈನರೆಂಬುದು ಮರೆತು ಹೋದದ್ದಲ್ಲ, ನನಗೆ ಹಸಿವಾಗಿತ್ತು, ಅಷ್ಟೆ. ಹೋದದ್ದಕ್ಕೆ ಒಂದು ತಿಳಿವಳಿಕೆಯೂ ಬಂತು. ಮಾಂಸ ಮೀನು ತಿನ್ನುವ ಅತಿಥಿಯನ್ನೇ ಕರೆಯುವುದಾದರೂ ವ್ಯವಹಾರದ ಊಟಕ್ಕೆ ಎಲ್ಲ ತಿಂಡಿ ಆಗುವುದಿಲ್ಲ. ಬಂಗುಡೆಯ ಮುಳ್ಳು ಬಿಡಿಸುವವನು ನಿಮ್ಮ ಮುಖ ನೋಡುವುದು ಯಾವಾಗ? ಏಡಿಯಂತೂ ಕೇಳಲೇಬೇಡಿ. ಕೋರಿ ರೊಟ್ಟಿ ನನಗೆ ಜೀವ, ಆದರೆ ಅದು ಕರಕರ ಮುರಿಯುವಾಗ ತಿನ್ನುವವರಿಗೇ ಬೇರೇನೂ ಕೇಳಿಸುವುದಿಲ್ಲ. ಅಂಜಲಿನ ತುಂಡು, ಕಾಣೆ, ನೀರುದೋಸೆ, ಇವು ಸದ್ದಿಲ್ಲದ ಊಟ. ಹಲಾಲ್ ವಿಷಯವನ್ನು ಅತಿಥಿಯ ಎದುರು ಸಪ್ಲಾಯರ್‌ನಲ್ಲಿ ಕೇಳಬೇಡಿ. ಹಿಂದಿನ ದಿನವೇ ಗಲ್ಲಾದಲ್ಲಿ ಕುಳಿತವರಲ್ಲಿ ಮಾಂಸ ಎಲ್ಲಿಂದ ಬರುತ್ತದೆಂದು ನೇರವಾಗಿ ಕೇಳಿ. ಗೊತ್ತಿದ್ದವರು ಕೂಡಲೇ ಹೇಳುತ್ತಾರೆ. ತಡವರಿಸಿದರೆ ಬೇರೆ ಕಡೆ ನೋಡಿ.

ಆ ಮೀನಿನ ಹೋಟೆಲಿನಲ್ಲಿ ಬಾಗಿಲ ಬಳಿ ಜನ ಕಾದು ನಿಂತಿದ್ದರು. ಉಕ್ತಲೇಖನದಲ್ಲಿ ಹುಡುಗಿ ಹತ್ತರಲ್ಲಿ ನಾಲ್ಕು ತಪ್ಪು ಬರೆದಳು. ತರಗತಿಯಲ್ಲಿ ಅವಳು ಎಂದೂ ನಾಲ್ಕು ತಪ್ಪಿದವಳಲ್ಲ.

ಗದ್ದಲ ಏಕೆ ಏರುತ್ತಲೇ ಹೋಗುತ್ತದೆ ಗೊತ್ತೇ? ಸುತ್ತ ಸದ್ದಿದ್ದರೆ ನಮಗೇ ತಿಳಿಯದಂತೆ ನಮ್ಮ ದನಿ ಏರುತ್ತದೆ. ಫ್ರಾನ್ಸಿನ ಕಿವಿ-ಗಂಟಲಿನ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲಿ ಇದನ್ನು ವಿವರಿಸಿದ. ಇಂದಿಗೂ ಅದಕ್ಕೆ ಅವನದೇ ಹೆಸರು. ಒಂದು ಮೇಜಿನವರು ದನಿ ಏರಿಸಿದರೆ ಪಕ್ಕದವರೂ ಏರಿಸುತ್ತಾರೆ, ಅವರಿಂದಾಗಿ ಮೊದಲಿನವರು ಇನ್ನೂ ಏರಿಸುತ್ತಾರೆ. ಮದುವೆ ಹಾಲ್‌ನಲ್ಲಿ ನಿಮಗೆ ಇದರ ಅನುಭವ ಇದ್ದೇ ಇದೆ. ಮಾಮೂಲಿ ಮಾತು ಸುಮಾರು 60 ಡೆಸಿಬೆಲ್. ಡೆಸಿಬೆಲ್ ಲೆಕ್ಕ ನಮ್ಮ ಕೂಡುವ ಲೆಕ್ಕದಂತಲ್ಲ. 60 ಇದ್ದದ್ದು 70 ಆದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗಿರುತ್ತದೆ, ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ. ಗಾಜು, ಗ್ರಾನೈಟ್, ಟೈಲ್ಸ್, ಬೋಳು ಗೋಡೆ ಸದ್ದನ್ನು ತಿರುಗಿಸಿ ಎಸೆಯುತ್ತವೆ. ಬಟ್ಟೆ, ಪರದೆ, ಮೆತ್ತೆ, ಕಾರ್ಪೆಟ್ ಸದ್ದನ್ನು ಹೀರುತ್ತವೆ. ನಾನು ಯಾವ ಹೊಳಪಿಗೆ ಮರುಳಾಗಿ ಮೊದಲ ಹೋಟೆಲಿನ ಹೆಸರು ಹೇಳಿದ್ದೆನೋ ಆ ಹೊಳಪೇ ಹುಡುಗಿಯ ಮಾತನ್ನು ನುಂಗಿತ್ತು.

ಹೆಸರುವಾಸಿ ಜಾಗ ಎಂಬುದೂ ಹೀಗೆಯೇ. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. 1924ರಿಂದ ಇದೆ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ. ಅಲ್ಲಿಯ ರವೆ ಇಡ್ಲಿಗೂ ದೋಸೆಗೂ ಜನ ಸಾಲು ನಿಲ್ಲುತ್ತಾರೆ. ನಾನೂ ನಿಂತಿದ್ದೇನೆ, ಮತ್ತೂ ನಿಲ್ಲುತ್ತೇನೆ. ಆದರೆ ನೀವು ತಿನ್ನುತ್ತಿರುವಾಗ ಮುಂದಿನವರು ಕುರ್ಚಿ ಖಾಲಿಯಾಗಲು ಕಾಯುತ್ತಿದ್ದರೆ ಮೀಟರಿಗೆ ಎಷ್ಟು ರೂಪಾಯಿ ಎಂದು ಚರ್ಚಿಸಲು ಆಗುತ್ತದೆಯೇ?

ಮೂರನೆಯದು ಒಂದು ವಸತಿಗೃಹದ ಮೊದಲ ಮಹಡಿಯ ಶುದ್ಧ ಸಸ್ಯಾಹಾರಿ ಎ.ಸಿ. ಹಾಲ್. ಕೆಳಗೆ ಬಸ್ಸಿನಂತೆ ಜನ, ಮೇಲೆ ಆರೇಳು ಮೇಜು. ಎತ್ತರ ಬೆನ್ನಿನ ಮೆತ್ತೆಯ ಕುರ್ಚಿ, ಕಿಟಕಿಗೆ ದಪ್ಪ ಪರದೆ, ಹಾಡಿಲ್ಲ. ಬಾರ್ ಇಲ್ಲ, ಮಾಂಸದ ಪ್ರಶ್ನೆಯೇ ಇಲ್ಲ. ನಮಗೂ ನೆಮ್ಮದಿ, ಅತಿಥಿಗಳಿಗೂ ನೆಮ್ಮದಿ. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ, ಕ್ಯಾರೆಟ್ ಹಾಕದೆ ಏನೇನು ಕೊಡಬಲ್ಲಿರಿ ಎಂದು ಕೇಳಿದ್ದಕ್ಕೆ ಕ್ಯಾಪ್ಟನ್ ನಾಲ್ಕು ಬಗೆ ಹೇಳಿದ. ಹೆಸರು ಹೇಳಿ ಎಂದು ನನಗೆ ಕಾಗದ ಬರೆಯಬೇಡಿ. ಹೋಟೆಲುಗಳು ಆರು ತಿಂಗಳಿಗೊಮ್ಮೆ ಬದಲಾಗುತ್ತವೆ. ನಾಳೆ ಆ ಪರದೆ ತೆಗೆದು ಟಿವಿ ಹಾಕಿದರೆ ಇನ್ನೊಂದು ಬಳೆ ಹೋದೀತು.

ಅಲ್ಲಿಯೂ ಮೇಜು ಆರಿಸಿಯೇ ಹೇಳಿದೆವು. ಅಡುಗೆಮನೆಯ ಬಾಗಿಲು, ಕೈ ತೊಳೆಯುವ ಜಾಗ, ಎ.ಸಿ. ಯಂತ್ರ ಇವುಗಳಿಂದ ದೂರದ ಮೂಲೆ. ಮೂಲೆಗೆ ಇನ್ನೊಂದು ಲಾಭವಿದೆ. ಹುಡುಗಿ ನಿಖಾಬ್ ಧರಿಸುವವಳು. ಹಾಲ್‌ಗೆ ಬೆನ್ನು ಮಾಡಿ ಕೂತರೆ ಪಕ್ಕದ ಮೇಜುಗಳವರ ದೃಷ್ಟಿಯ ಗೊಡವೆಯಿಲ್ಲದೆ ಊಟ ಮಾಡಬಹುದು. ಹಿರಿಯರನ್ನು ಗೋಡೆಗೆ ಬೆನ್ನಾಗಿ ಕೂರಿಸಬೇಕೆಂದು ಗುರುತು ಮಾಡಿಕೊಂಡೆವು. ಅವರ ಹಿಂದಿನಿಂದ ಸದ್ದು ಬರಬಾರದು. ಆ ಹೋಟೆಲಿನಲ್ಲಿ ಪರದೆ ಹಾಕಿದ ಫ್ಯಾಮಿಲಿ ರೂಮೂ ಇತ್ತು. ಮನೆಮಂದಿಯೊಂದಿಗೆ ಹೋದರೆ ನಾನು ಅಲ್ಲೇ ಕೂರುತ್ತೇನೆ. ವ್ಯವಹಾರಕ್ಕೆ ಬಂದ ಪರಪುರುಷರೊಂದಿಗೆ ಪರದೆಯ ಹಿಂದೆ ಬೇಡ. ತೆರೆದ ಹಾಲ್‌ನ ಮೂಲೆ, ಜೊತೆಗೊಬ್ಬರು, ಅಷ್ಟಿದ್ದರೆ ಸಾಕು. ಖದೀಜಾ(ರ) ದೊಡ್ಡ ವ್ಯಾಪಾರಿಯಾಗಿದ್ದರು ಎಂದು ನಾವು ವೇದಿಕೆಯಲ್ಲಿ ಹೇಳುತ್ತೇವೆ. ನಮ್ಮ ಓಣಿಯ ಹುಡುಗಿ ವ್ಯಾಪಾರದ ಊಟಕ್ಕೆ ಹೊರಟರೆ ಮಾತ್ರ ಹುಬ್ಬೇರಿಸುತ್ತೇವೆ. ಆ ದಿನ ಅವಳ ಮಾವನೇ "ಟೀಚರ್ ಜೊತೆಗಿದ್ದಾರಲ್ಲ, ಹೋಗಿ ಬಾ ಮಗಳೇ" ಎಂದರು. ಅಲ್ಲಾಹನು ಅವರಿಗೆ ಒಳ್ಳೆಯದು ಮಾಡಲಿ.

ದಿನವೂ ನೋಡಿಯೇ ಇಟ್ಟದ್ದು. ಶುಕ್ರವಾರ ಜುಮಾ, ಆಮೇಲೆ ಊಟಕ್ಕೆ ನೂಕುನುಗ್ಗಲು. ಶನಿವಾರ, ಭಾನುವಾರ ಕುಟುಂಬಗಳು. ಸೋಮವಾರ ಮಾಂಸ ಮುಟ್ಟದವರು ನಮ್ಮ ಕಡೆ ಬಹಳ, ಸಸ್ಯಾಹಾರಿ ಹೋಟೆಲು ತುಂಬಿರುತ್ತದೆ. ಬುಧವಾರ ಒಂದೂವರೆ ಗಂಟೆ ಎಂದು ಇಟ್ಟುಕೊಂಡೆವು. ಝುಹರ್ ನಮಾಝ್ ಮನೆಯಲ್ಲೇ ಮುಗಿಸಿ ಹೊರಟರೆ ಮೇಜಿನಲ್ಲಿ ಗಡಿಯಾರ ನೋಡುವ ಅಗತ್ಯವಿಲ್ಲ.

ಇನ್ನೊಂದು ವಿಷಯ ಆ ದಿನ ಕಲಿತದ್ದು. ಮೀಲ್ಸ್ ಹೇಳಬೇಡಿ. ಊಟಕ್ಕೆ ಅದೇ ರುಚಿ, ಅದೇ ಅಗ್ಗ, ಒಪ್ಪುತ್ತೇನೆ. ಆದರೆ ಎರಡು ನಿಮಿಷಕ್ಕೊಮ್ಮೆ ಸಪ್ಲಾಯರ್ ಬಂದು "ಸಾರು? ಪಲ್ಯ? ಅನ್ನ ಹಾಕ್ಲಾ?" ಎನ್ನುತ್ತಾನೆ. ಅವನ ತಪ್ಪಲ್ಲ, ಅದು ಉಪಚಾರ. ಬಫೆಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ಏಳುತ್ತಾರೆ. ಬೇಕಾದ್ದನ್ನು ಒಟ್ಟಿಗೆ ಹೇಳಿ ಮೇಜಿಗೆ ತರಿಸಿಕೊಳ್ಳುವುದೇ ಮೇಲು. ಊಟದ ಹೊತ್ತಿಗೆ ಮಕ್ಕಳು, ಮಳೆ, ಘಾಟಿ ರಸ್ತೆ ಎಂದು ಮಾತನಾಡಿದೆವು. ಎಲೆ ತಟ್ಟೆ ಎತ್ತಿದ ಮೇಲೆ, ಕಾಫಿ ಬರುವ ಮೊದಲು, ಹುಡುಗಿ ಬಟ್ಟೆಯ ತುಂಡುಗಳನ್ನೂ ಕಾಗದವನ್ನೂ ತೆಗೆದಳು. ಎಣ್ಣೆ ಕೈಯಲ್ಲಿ ಯಾರೂ ಸಹಿ ಹಾಕುವುದಿಲ್ಲ.

ಕಾಗದದ ಯೋಚನೆ ನನ್ನದಾಗಿತ್ತು, ಆದರೆ ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್-ಬಕರದ 282ನೆಯದು. ಮದ್ರಸದಲ್ಲಿ ಅದನ್ನು ಓದಿದ್ದೆ, ಕಲಿಸಿಯೂ ಇದ್ದೆ. ಅವಧಿ ಇಟ್ಟು ಮಾಡುವ ಸಾಲದ ವ್ಯವಹಾರವನ್ನು ಬರೆದಿಡಿ ಎಂಬುದೇ ಅದರ ವಿಷಯ. ನವೆಂಬರ್‌ನಲ್ಲಿ ನನಗೆ ಅದು ನೆನಪಾಗಲಿಲ್ಲ, ನೋಡಿ. ದೇಶದ ಕಾನೂನಿನಲ್ಲೂ ಇದಕ್ಕೊಂದು ದಾರಿಯಿದೆ. 2006ರ ಎಂ.ಎಸ್.ಎಂ.ಇ. ಕಾಯ್ದೆಯ ಪ್ರಕಾರ ಸಣ್ಣ ಉತ್ಪಾದಕರಿಂದ ಸರಕು ಕೊಂಡವರು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು, ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಆದರೆ ಅದರ ಆಸರೆ ಬೇಕಿದ್ದರೆ ಉದ್ಯಮ್ ನೋಂದಣಿ ಆಗಿರಬೇಕು. ಅದು 2020ರ ಜುಲೈಯಿಂದ ಇದೆ, ಆನ್‌ಲೈನ್‌ನಲ್ಲಿ ಆಗುತ್ತದೆ, ಶುಲ್ಕವಿಲ್ಲ. ಹುಡುಗಿ ಆಗ ಮಾಡಿಸಿರಲಿಲ್ಲ. ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಕಸೂತಿ ಮಾಡಿ ಅಂಗಡಿಗೆ ಕೊಡುವ ನಿಮ್ಮಲ್ಲಿ ಎಷ್ಟು ಜನ ಮಾಡಿಸಿದ್ದೀರಿ?

ಬಿಲ್ಲಿನ ಮಾತೂ ಹೇಳಿಬಿಡುತ್ತೇನೆ. ಕರೆದವರೇ ಕೊಡಬೇಕು, ಅತಿಥಿಯ ಎದುರು ಎಳೆದಾಡಬಾರದು. ಹುಡುಗಿ ಕೈ ತೊಳೆಯಲು ಹೋದವಳು ಗಲ್ಲಾದಲ್ಲಿ ಫೋನಿನಿಂದಲೇ ಕೊಟ್ಟು ಬಂದಳು. ನಾಲ್ವರಿಗೆ 2,000 ರೂಪಾಯಿ ದಾಟಲಿಲ್ಲ. ನವೆಂಬರ್‌ನಲ್ಲಿ ಅದೇ ನಾಲ್ಕು ಜನರಿಗೆ 4,000ದ ಮೇಲಾಗಿತ್ತು, ಅದರಲ್ಲಿ ಸರ್ವಿಸ್ ಚಾರ್ಜ್ ಎಂದು ಬೇರೆ ಸೇರಿಸಿದ್ದರು. ಹೋಟೆಲುಗಳು ಇದನ್ನು ಬಿಲ್ಲಿಗೆ ತಾವಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು. ಹೋಟೆಲಿನವರ ಸಂಘಗಳು ನ್ಯಾಯಾಲಯಕ್ಕೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಈಗ ಹಾಗೆ ಸೇರಿಸಿದ್ದು ಕಂಡರೆ ತೆಗೆಯಿರಿ ಎಂದು ಹೇಳಬಹುದು. ಜಿ.ಎಸ್.ಟಿ. ಬೇರೆ. ಸಾಮಾನ್ಯ ಹೋಟೆಲಿನಲ್ಲಿ ಅದು ಶೇಕಡ 5, ಕೋಣೆಯ ದಿನದ ದರ 7,500 ರೂಪಾಯಿ ಮೀರುವ ದೊಡ್ಡ ಹೋಟೆಲುಗಳ ಒಳಗಿನ ಊಟಕ್ಕೆ ಶೇಕಡ 18. ನಿಮ್ಮ ಕೈಯಲ್ಲಿ ಇಂತಿಷ್ಟೇ ಹಣ ಇದ್ದರೆ ಮೊದಲೇ ಲೆಕ್ಕ ಹಾಕಿ. ದುಬಾರಿ ಜಾಗಗಳಲ್ಲಿ ನಾವು ದುಡ್ಡು ಕೊಡುವುದು ಪನ್ನೀರಿಗಲ್ಲ, ಎರಡು ಮೇಜುಗಳ ನಡುವಿನ ಖಾಲಿ ಜಾಗಕ್ಕೆ. ಅದು ಕಡಿಮೆ ದರಕ್ಕೆ ಸಿಗುವುದಾದರೆ ಅಲ್ಲೇ ಕೊಳ್ಳೋಣ.

ಆ ಬುಧವಾರ ಕಾಗದದಲ್ಲಿ ಅರ್ಧ ಹಣ ಮುಂಗಡ, ಉಳಿದದ್ದು 30 ದಿನಕ್ಕೆ ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದರು. ಹಿರಿಯರ ಮಗಳು ಓದಿ ನೋಡಿ ಸಹಿ ಹಾಕಿ ಫೋಟೋ ತೆಗೆದುಕೊಂಡಳು. ಹಿರಿಯರು ಕಾಫಿ ಲೋಟ ಕೆಳಗಿಟ್ಟು ಹುಡುಗಿಯತ್ತ ತಿರುಗಿದರು. "ಬೇಟಿ, ಹೋದ ಸಲ ಆ ಹೋಟೆಲಿನಲ್ಲಿ ನೀನು ಏನು ಹೇಳಿದೆ ಎಂದು ನನಗೂ ಒಂದಕ್ಷರ ಕೇಳಿಸಿರಲಿಲ್ಲ. ಕೇಳಿಸಿದವನ ಹಾಗೆ ತಲೆಯಾಡಿಸಿದ್ದೆ" ಎಂದರು. ಹುಡುಗಿ ಬಳೆಯ ವಿಷಯ ಎತ್ತಲಿಲ್ಲ. ನಾನು ಎತ್ತಬೇಕೆಂದಿದ್ದೆ, ಮೇಜಿನ ಕೆಳಗೆ ನನ್ನ ಕಾಲು ಒತ್ತಿದಳು.

ಉಳಿದ ಹಣ ಇಪ್ಪತ್ತೊಂಬತ್ತನೆಯ ದಿನಕ್ಕೆ ಬಂತು. ಬಳೆ ತಿರುಗಿ ಮಾಡಿಸಿಕೋ ಎಂದರೆ ಅವಳು ಓವರ್‌ಲಾಕ್ ಯಂತ್ರ ಕೊಂಡಿದ್ದಾಳೆ. ಅದರ ಸದ್ದಿನಲ್ಲಿ ಶೆಡ್‌ನಲ್ಲಿ ನಿಂತು ಮಾತನಾಡಲು ಆಗುವುದಿಲ್ಲ, ಈಗ ನಾನು ಹೋದರೆ ಅಂಗಳದಲ್ಲಿ ಕುರ್ಚಿ ಹಾಕುತ್ತಾಳೆ.